ಸಾಕ್ಷಿಯ ಜೊತೆ ಮಾತಾಡಬಾರದು

"ಜೊತೆಗೆ ಯಾರನ್ನ ಕರ್ಕೊಂಡು ಬಂದಿದ್ದೀಯಪ್ಪಾ?" ವಿಚಾರಣೆಯ ಕೋಣೆಯ ಬಾಗಿಲಲ್ಲಿ ನಿಂತು ಗುಮಾಸ್ತೆ ಕೇಳಿದರು.

"ಯಾರೂ ಇಲ್ಲ ಮೇಡಂ," ಎಂದ ಹುಡುಗ.

ವಿಶ್ವವಿದ್ಯಾಲಯದ ಶಿಸ್ತು ಸಮಿತಿಯ ಮುಂದೆ ಬರುವ ವಿದ್ಯಾರ್ಥಿ ಜೊತೆಗೆ ಒಬ್ಬರನ್ನು ಕರೆತರಬಹುದು. ಬಂದವರು ಪಕ್ಕದಲ್ಲಿ ಕೂರಬಹುದು, ತುಟಿ ಬಿಚ್ಚುವಂತಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ, ನಡುವೆ ಬಾಯಿ ಹಾಕಬಾರದು, ದನಿ ಏರಿಸಬಾರದು... ಹೀಗೆ ಹದಿನಾಲ್ಕು ನಿಯಮಗಳು. ಇಪ್ಪತ್ತೆರಡು ವರ್ಷಗಳಿಂದ ಅವನ್ನು ಓದಿ ಹೇಳುವ ಕೆಲಸ ಈಕೆಯದು. ಅದಕ್ಕೇ ವಿದ್ಯಾರ್ಥಿಗಳ ಬಾಯಲ್ಲಿ ಈಕೆ ರೂಲ್ಸಮ್ಮ. ಅಡ್ಡಹೆಸರು ಕಿವಿಗೆ ಬಿದ್ದಾಗ ಆಕೆಗೆ ಸಿಟ್ಟು ಬಂದದ್ದಿಲ್ಲ. ಮನೆಯಲ್ಲಿ ಯಾವ ಹೆಸರಿನಿಂದಲೂ ಕರೆಯುವವರು ಇರಲಿಲ್ಲ.

"ಒಬ್ಬ ಫ್ರೆಂಡೂ ಇಲ್ವಾ?"

"ಇದ್ದಿದ್ದು ಒಬ್ಬನೇ. ನನ್ನ ರೂಮ್‌ಮೇಟು. ಈಗ ಅವನೇ ಸಾಕ್ಷಿ."

ಹಿಂದಿನ ವರ್ಷದ ವಿದ್ಯಾರ್ಥಿಯೊಬ್ಬನ ಪ್ರಾಜೆಕ್ಟ್ ವರದಿಗೆ ತನ್ನ ಹೆಸರು ಹಾಕಿ ಕೊಟ್ಟಿದ್ದಾನೆಂಬುದು ಹುಡುಗನ ಮೇಲಿನ ಆರೋಪ. ಪ್ರಾಜೆಕ್ಟ್ ನೋಡಿಕೊಳ್ಳುವ ಮೇಷ್ಟರು ರೂಮ್‌ಮೇಟನ್ನು ಕರೆದು ಕೇಳಿದಾಗ ಅವನು ಕಂಡದ್ದನ್ನು ಕಂಡಂತೆ ಹೇಳಿದ್ದ.

"ಇನ್ನೂ ಒಂದೇ ರೂಮಲ್ಲೇ ಇದ್ದೀರಾ?"

"ಹೂಂ ಮೇಡಂ. ಮಾತು ನಿಂತು ಮೂರು ವಾರ ಆಯ್ತು. ಸಾಕ್ಷಿ ಜೊತೆ ಮಾತಾಡಬಾರದು ಅಂತ ನೀವೇ ಪತ್ರ ಕಳ್ಸಿದ್ರಲ್ಲ. ಅವನಿಗೂ ಬಂದಿತ್ತು. ಮೊನ್ನೆ ಅವನಿಗೆ ಜ್ವರ. ಮಾತ್ರೆ ತಂದು ಅವನ ಟೇಬಲ್ ಮೇಲಿಟ್ಟು ಹೊರಗೆ ಹೋಗ್ಬಿಟ್ಟೆ. ಅದೂ ತಪ್ಪಾಗುತ್ತಾ?"

ಸಾಕ್ಷಿಯ ಜೊತೆ ಮಾತಾಡಬಾರದೆಂಬ ಒಂಬತ್ತನೆಯ ನಿಯಮವನ್ನು ರೂಲ್ಸಮ್ಮ ನೂರಾರು ಪತ್ರಗಳಲ್ಲಿ ಟೈಪು ಮಾಡಿದ್ದರು. ಎರಡು ಮಂಚಗಳ ನಡುವೆ ಮೂರಡಿ ಜಾಗವಿರುವ ಕೋಣೆಯಲ್ಲಿ ಅದು ಹೇಗಿರುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಒಳಗೆ ಹೋಗಿ ಪರೀಕ್ಷಾ ವಿಭಾಗಕ್ಕೆ ಫೋನು ಮಾಡಿ, ನಡಾವಳಿ ಬರೆಯಲು ತಮ್ಮ ಬದಲಿಗೆ ಬೇರೊಬ್ಬ ಗುಮಾಸ್ತನನ್ನು ಕರೆಸಿದರು. ಹದಿನಾಲ್ಕು ನಿಯಮಗಳನ್ನೂ ಎಂದಿನಂತೆ ಓದಿದರು. ಓದಿ ಮುಗಿಸಿ, ಹಾಳೆಯನ್ನು ಅಧ್ಯಕ್ಷರ ಮುಂದಿಟ್ಟು, ನಡೆದು ಹೋಗಿ ಹುಡುಗನ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಏನ್ ಮೇಡಂ, ಆ ಕಡೆ ಕೂತ್ರಿ?" ಅಧ್ಯಕ್ಷರು ಹುಬ್ಬೇರಿಸಿದರು.

"ಕಚೇರಿಯವರು ಕೂರಬಾರದು ಅಂತ ಎಲ್ಲೂ ಇಲ್ಲ ಸರ್."

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡು ಹಾಳೆಯ ಮೇಲೆ ಕಣ್ಣಾಡಿಸಿದರು. ಇರಲಿಲ್ಲ.

ರೂಮ್‌ಮೇಟು ಒಳಗೆ ಬಂದ. ಕುಳ್ಳಗಿನ ಹುಡುಗ, ಇಸ್ತ್ರಿಯಿಲ್ಲದ ಅಂಗಿ. ವರದಿಯ ಫೈಲು ಬೇರೆಯವರಿಂದ ಬಂದದ್ದನ್ನು ನೋಡಿದೆಯಾ? ನೋಡಿದೆ ಸರ್. ಹೆಸರು ಬದಲಾಯಿಸಿದ್ದನ್ನು? ಅದನ್ನೂ ನೋಡಿದೆ ಸರ್. ಅಷ್ಟು ಹೇಳಿ, ಯಾರೂ ಕೇಳದಿದ್ದರೂ ಅವನು ಗಡಿಬಿಡಿಯಿಂದ ಮುಂದುವರಿಸಿದ: "ಸರ್, ವರದಿ ಕೊಡಬೇಕಿದ್ದ ಆ ವಾರವೆಲ್ಲ ನಾನು ಕಾಯಿಲೆ ಮಲಗಿದ್ದೆ. ನನ್ನ ಪ್ರಾಜೆಕ್ಟಿನ ಅರ್ಧ ಕೆಲಸ ಇವನೇ ಮಾಡಿಕೊಟ್ಟಿದ್ದು. ತನ್ನದಕ್ಕೆ ಇವನಿಗೆ ಟೈಮೇ..."

"ಕೇಳಿದ್ದಕ್ಕಷ್ಟೇ ಉತ್ತರ ಕೊಡಪ್ಪ," ಎಂದರು ಅಧ್ಯಕ್ಷರು.

"ಸರ್, ಅವನ ಮಾತಿನ್ನೂ ಮುಗಿದಿಲ್ಲ!"

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೀಗೆಂದವರು ಯಾರೆಂದು ರೂಲ್ಸಮ್ಮನಿಗೇ ಒಂದು ಗಳಿಗೆ ತಿಳಿಯಲಿಲ್ಲ. ತಾನು ಎದ್ದು ನಿಂತಿದ್ದೇನೆಂದು ಗೊತ್ತಾದದ್ದು ಆಮೇಲೆ.

"ಜೊತೆಗೆ ಬಂದವರು ಮಾತಾಡೋ ಹಾಗಿಲ್ಲ ಮೇಡಂ. ಅದನ್ನ ನಿಮಗೆ ನಾನು ಓದಿ ಹೇಳ್ಬೇಕಾ?"

"ಗೊತ್ತು ಸರ್. ತಪ್ಪಾಯ್ತು." ಕೂತರು.

ಅಧ್ಯಕ್ಷರು ಪೆನ್ನು ಕೆಳಗಿಟ್ಟು ರೂಮ್‌ಮೇಟ್ ಕಡೆ ತಿರುಗಿದರು. "ಸರಿ, ಹೇಳು. ಏನಂದೆ ಆಗ?"

ಅವನು ಎರಡನೆಯ ಸಲ ನಿಧಾನವಾಗಿ, ಮೊದಲಿನಿಂದ ಹೇಳಿದ. ಈ ಹುಡುಗ ತಲೆ ತಗ್ಗಿಸಿ ಕೇಳುತ್ತಿದ್ದ. ಮೂರು ವಾರಗಳ ನಂತರ ಗೆಳೆಯನ ದನಿ ಕೇಳುವುದಕ್ಕೆ ಅವನು ಇಲ್ಲಿಗೆ ಬರಬೇಕಾಯಿತು.

ತೀರ್ಪು ಹೊರಬೀಳಲು ಅರ್ಧ ಗಂಟೆ ಹಿಡಿಯಿತು. ಪ್ರಾಜೆಕ್ಟಿಗೆ ಸೊನ್ನೆ, ಮುಂದಿನ ವರ್ಷ ಹೊಸದಾಗಿ ಮಾಡಬೇಕು, ವಿಶ್ವವಿದ್ಯಾಲಯದಿಂದ ಹೊರಹಾಕುವುದಿಲ್ಲ. ಹುಡುಗ ಸಹಿ ಹಾಕಿದ. ಜೊತೆಯವರೆಲ್ಲ ಪಾಸಾಗಿ ಹೋಗುತ್ತಾರೆ, ಇವನು ಉಳಿಯುತ್ತಾನೆ. ಬೆನ್ನು ತಟ್ಟೋಣವೆಂದು ರೂಲ್ಸಮ್ಮನ ಕೈ ಮೇಲೆದ್ದಿತು. ಅಭ್ಯಾಸವಿರಲಿಲ್ಲ. ಸೆರಗು ಸರಿಮಾಡಿಕೊಂಡು ಕೆಳಗಿಳಿಯಿತು.

ಕಾರಿಡಾರಿನ ಬೆಂಚಿನ ಮೇಲೆ ರೂಮ್‌ಮೇಟು ಇನ್ನೂ ಕೂತಿದ್ದ. ಇವರನ್ನು ಕಂಡು ಎದ್ದ. ಹುಡುಗ ಅಲ್ಲೇ ನಿಂತು ಪಿಸುದನಿಯಲ್ಲಿ ಕೇಳಿದ:

"ಇನ್ನು ಮಾತಾಡಬಹುದಾ ಮೇಡಂ?"

"ಹೂಂ ಕಣಪ್ಪ. ಮಾತಾಡು."

ಅವನು ನಾಲ್ಕು ಹೆಜ್ಜೆ ಹೋದ. ಇಬ್ಬರೂ ಎದುರುಬದುರು ನಿಂತರು. ಒಬ್ಬ ಕಿಟಕಿ ನೋಡಿದ, ಇನ್ನೊಬ್ಬ ತನ್ನ ಚಪ್ಪಲಿ ನೋಡಿಕೊಂಡ. ಬಾಗಿಲಿಗೆ ಬೀಗ ಹಾಕುವ ನೆಪದಲ್ಲಿ ರೂಲ್ಸಮ್ಮ ತಡಮಾಡಿದರು.

ಕೊನೆಗೆ ರೂಮ್‌ಮೇಟೇ ಬಾಯಿ ಬಿಟ್ಟ. "ರೂಮಿನ ಕೀ ನಿನ್ನ ಹತ್ರ ಇದೆಯೇನೋ?"

"ಇದೆ."

"ಸರಿ, ನಡಿ ಹಾಗಾದ್ರೆ."

ಆ ಹಾಸ್ಟೆಲಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೀ ಕೊಟ್ಟಿರುತ್ತಾರೆ.