ಮುಚ್ಚಳದ ವಾಸನೆ

"ಎರಡರಲ್ಲಿ ಒಂದು ಕೆಟ್ಟಿದೆ. ಯಾವುದು ಅಂತ ಹೇಳಿದರೆ ಇವತ್ತಿನಿಂದಲೇ ನಿನ್ನ ಜಾಗ ನಿನಗೆ," ಎಂದು ಡೈರಿಯ ಸೂಪರ್‌ವೈಸರ್ ಎರಡು ಹಾಲಿನ ಕ್ಯಾನುಗಳನ್ನು ಅವಳ ಮುಂದೆ ಎಳೆದು ನಿಲ್ಲಿಸಿದರು. "ತಪ್ಪು ಹೇಳಿದ್ಯೋ, ತೊಳೆಯೋ ಕೋಣೇನೇ ಗಟ್ಟಿ. ಆಮೇಲೆ ಮುಖ ಸಣ್ಣ ಮಾಡ್ಕೊಂಡು ನನ್ನ ಹಿಂದೆ ಸುತ್ತಬಾರದು, ಈಗಲೇ ಹೇಳಿದೀನಿ."

ಬಂದ ಕ್ಯಾನಿನ ಮುಚ್ಚಳ ತೆಗೆದು, ಅದರ ಒಳಮೈಯನ್ನು ಮೂಗಿಗೆ ಹಿಡಿದು, ಹಾಲು ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಅವಳ ಕೆಲಸವಾಗಿತ್ತು. ಒಮ್ಮೆ ಬಂದ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಮೂಗಿನ ಕೆಲಸವನ್ನು ಕಣ್ಣಿಗೆ ವಹಿಸಿದಳು. ಮಾತು ಕಮ್ಮಿಯಿದ್ದ ಅವಳಿಗೆ ಮುಖ ಓದುವುದು ಚಿಕ್ಕಂದಿನಿಂದ ಬಂದದ್ದು. ಹಳಸಿದ ಹಾಲು ತಂದವರು ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಹೀಗೇ ನಡೆಯುತ್ತಿದ್ದಾಗ, ತನ್ನ ಹಾಲು ಕೆಟ್ಟಿದೆ ಎಂದೇ ತಿಳಿಯದ ಮುದುಕಿಯೊಬ್ಬಳು ನಗುನಗುತ್ತಾ ಕ್ಯಾನ್ ತಂದಳು. ಆ ಮುದುಕಿಯ ಮುಖ ನಂಬಿ ಹಾಲು ಸುರಿಸಿದ್ದಕ್ಕೆ ಇಡೀ ಟ್ಯಾಂಕು ಚರಂಡಿ ಪಾಲಾಯಿತು. ಮೂಗಿನ ಗುಟ್ಟು ರಟ್ಟಾಗಿ, ಇವಳು ಕ್ಯಾನ್ ತೊಳೆಯುವ ಕೋಣೆಗೆ ಬಿದ್ದಳು.

ಲ್ಯಾಬ್ ಕೆಲಸದ ಕೋರ್ಸ್ ಓದುತ್ತಿದ್ದ ತಂಗಿ ಅಂದು ತಲೆ ಬಾಚಿಕೊಳ್ಳುತ್ತಲೇ ಹೇಳಿದ್ದಳು. "ವಾಸನೆ ಮೂಗಿನ ಜೀವಕೋಶದ ಒಳಗೆ ಹೋಗೋದೇ ಇಲ್ಲ ಕಣೇ ಅಕ್ಕ. ಕೋಶದ ಮೇಲೆ ತೆಳ್ಳನೆಯ ಪೊರೆ ಇದೆಯಲ್ಲ, ಅದಕ್ಕೆ ಬಂದು ತಗಲುತ್ತೆ, ಅಷ್ಟೇ. ಸುದ್ದಿ ಒಳಗೆ ಮುಟ್ಟಿಸೋದು ಪೊರೆ ಕೆಲಸ. ನಿಮ್ಮ ಗೇಟಿನ ವಾಚ್‌ಮನ್ ಇಲ್ವಾ? ಬಂದವರು ಹೊರಗೇ ನಿಂತಿರ್ತಾರೆ, ಅವನು ಒಳಗೆ ಫೋನ್ ಮಾಡ್ತಾನೆ. ಹಾಗೆ."

"ಹಾಗಾದ್ರೆ ನನ್ನ ವಾಚ್‌ಮನ್ ಸತ್ತೇಹೋದ್ನಾ?"

"ಹೋದರೆ ಹೋಗಲಿ ಬಿಡು. ಹಳೇ ಕೋಶ ಹೋದ್ರೆ ಹೊಸದು ಹುಟ್ಟುತ್ತೆ, ಹೊಸ ಪೊರೆ ಹೊದ್ದುಕೊಂಡೇ ಬರುತ್ತೆ. ನೀನು ಸುಮ್ಮನೆ ಕೂರಬೇಡ. ದಿನಾ ಗೇಟು ತಟ್ಟುತ್ತಾ ಇರು."

ಅವಳು ತಟ್ಟಿದಳು. ಬೆಳಿಗ್ಗೆ ಎದ್ದರೆ ನಿಂಬೆ ಸಿಪ್ಪೆ, ಲವಂಗ. ಮಲಗುವ ಮುಂಚೆ ಕಾಫಿ ಪುಡಿ, ಸೋಪು. ಕಣ್ಣು ಮುಚ್ಚಿ ಒಂದೊಂದನ್ನೇ ಮೂಗಿಗೆ ಎಳೆದುಕೊಳ್ಳುವಳು. ತೊಳೆಯುವ ಕೋಣೆಯಲ್ಲಿ ಪ್ರತಿ ಮುಚ್ಚಳವೂ ಮೊದಲು ಅವಳ ಮೂಗಿಗೆ, ಆಮೇಲೆ ಬಿಸಿನೀರಿಗೆ. "ಮೂಗನ್ನ ಇನ್ನೊಂದ್ಸಲ ಒಂದನೇ ಕ್ಲಾಸಿಗೆ ಸೇರಿಸಿದೀಯೇನೇ?" ಎಂದು ಜೊತೆಗೆ ತೊಳೆಯುತ್ತಿದ್ದ ದೊಡ್ಡಮ್ಮ ಆಡಿಕೊಂಡರೂ ಬಿಡಲಿಲ್ಲ. ಒಳಗಿನಿಂದ ಮಾತ್ರ ಯಾರೂ ಓಗೊಡಲಿಲ್ಲ. ಆದರೂ ಇವತ್ತು ತಾನಾಗಿಯೇ ಬಂದು, "ಒಂದ್ಸಲ ಪರೀಕ್ಷೆ ಮಾಡಿ ನೋಡಿ ಸಾರ್," ಎಂದಿದ್ದಳು.

ಮೊದಲ ಮುಚ್ಚಳ ತೆಗೆದಳು. ನೀರಿನ ಹಾಗೆ, ಏನೂ ಇಲ್ಲ. ಎರಡನೆಯದನ್ನು ಮೂಗಿಗೆ ಹಿಡಿದದ್ದೇ ತಡ, ಗಪ್ಪನೆ ರಬ್ಬರ್ ಸುಟ್ಟ ವಾಸನೆ ಅಡರಿತು. ಮುಚ್ಚಳ ಇನ್ನೇನು ಕೈಜಾರಬೇಕಿತ್ತು, ಎದೆಗೆ ಒತ್ತಿ ಹಿಡಿದಳು.

ಅಷ್ಟರಲ್ಲಿ ಗೋಡೆಯ ಫೋನ್ ಹೊಡೆದುಕೊಂಡಿತು. "ಇದು ಹಾಲು ಇಳಿಸೋ ಜಾಗ ಕಣಯ್ಯಾ, ಆಫೀಸಲ್ಲ!" ಎಂದು ಸೂಪರ್‌ವೈಸರ್ ಕೂಗಿ ಫೋನ್ ಕುಕ್ಕಿದರು. "ಗೇಟಿಗೆ ಹೊಸಬ ಬಂದಾಗಿಂದ ಇದೇ ಕರ್ಮ. ಯಾರು ಬಂದ್ರೂ ನನಗೇ ಫೋನು! ಹೂಂ, ಹೇಳಮ್ಮಾ, ಯಾವುದು?"

ಅವಳ ಕಣ್ಣು ಹಳೆಯ ಚಾಳಿಯಂತೆ ತನ್ನ ಕೆಲಸ ಮುಗಿಸಿಯಾಗಿತ್ತು. ಮೊದಲ ಮುಚ್ಚಳ ತೆಗೆದಾಗ ಸೂಪರ್‌ವೈಸರ್ ಅರ್ಧ ಹೆಜ್ಜೆ ಹಿಂದೆ ಸರಿದಿದ್ದರು, ಎರಡನೆಯದಕ್ಕೆ ಅಲುಗಿರಲಿಲ್ಲ. ಉತ್ತರ ಅಂಗೈಯಲ್ಲಿತ್ತು. 'ಮೊದಲನೇದು' ಎಂದರೆ ಸಾಕು, ಜಾಗ ಅವಳದು. ನಗುನಗುತ್ತಾ ನಿಂತಿದ್ದ ಮುದುಕಿಯ ಮುಖ ಕಣ್ಣಮುಂದೆ ಬಂತು.

"ನಿಮ್ಮ ಮುಖ ನೋಡಿದ್ರೆ ಮೊದಲನೇದು ಸಾರ್," ಎಂದಳು. "ನನ್ನ ಮೂಗು ಎರಡನೇದು ಅಂತಿದೆ."

"ಎರಡನೇದಾ? ಬೆಳಿಗ್ಗೆ ಕರೆದ ತಾಜಾ ಹಾಲು ಕಣಮ್ಮಾ ಅದು! ಏನು ವಾಸನೆ ಬಂತು?"

"ಸುಟ್ಟ ರಬ್ಬರ್."

ಅವರು ಬಗ್ಗಿ ಮೂಸಿದರು, ಇನ್ನೊಮ್ಮೆ ಮೂಸಿದರು, ತಲೆ ಕೊಡವಿದರು. "ಮುಖ ನೋಡಿ ಗೊತ್ತಾದ ಮೇಲೆ ಅದನ್ನೇ ಹೇಳಿ ಗೆಲ್ಲಬಾರದಿತ್ತೇನೇ, ಪೆದ್ದಿ?"

"ಹಾಗೆ ಒಂದ್ಸಲ ಗೆದ್ದು ಟ್ಯಾಂಕು ಖಾಲಿ ಮಾಡಿಸಿದೀನಲ್ಲ ಸಾರ್. ಇನ್ನು ಬಂದ್ರೆ ಮೂಗಿಂದಲೇ ಬರ್ತೀನಿ. ಮುಂದಿನ ತಿಂಗಳು ಮತ್ತೆ ಎರಡು ಕ್ಯಾನ್ ಇಡಿ. ಅದರ ಮುಂದಿನ ತಿಂಗಳೂ ಇಡಿ. ಅಲ್ಲೀವರೆಗೆ ಈ ಮುಚ್ಚಳ ನನಗೆ ಬೇಕು, ನಾನೇ ತೊಳೀತೀನಿ."

ಸೂಪರ್‌ವೈಸರ್ ಕೈ ಬೀಸಿ ಹೋಗೆಂದರು. ಎರಡನೆಯ ಕ್ಯಾನಿನ ಮುಚ್ಚಳ ಹಿಡಿದು ಅವಳು ತೊಳೆಯುವ ಕೋಣೆಗೆ ಬಂದಳು.

"ಸೋತು ಬಂದೋಳು ಹಲ್ಲು ಕಿರೀತಿದೀಯಲ್ಲೇ!" ದೊಡ್ಡಮ್ಮ ಬಿಸಿನೀರಿನಿಂದ ಕೈ ಎತ್ತಿ ಬೆರಗಾದರು. "ಏನಾಯ್ತೇ ನಿನಗೆ?"

ಅವಳು ಮುಚ್ಚಳವನ್ನು ಮತ್ತೆ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡಳು. ಹೊರಗೆ ಗೋಡೆಯ ಫೋನ್ ಮತ್ತೆ ಹೊಡೆದುಕೊಳ್ಳುತ್ತಿತ್ತು.

"ಹೊಸ ವಾಚ್‌ಮನ್ ಬಂದ, ದೊಡ್ಡಮ್ಮ," ಎಂದಳು. "ಇನ್ನೂ ತಪ್ಪು ಕೋಣೆಗೆ ಫೋನ್ ಮಾಡ್ತಿದಾನೆ."