ನೂಲು ಕಟ್ಟಿದ ಡಬ್ಬಿ

“ಆ ಡಬ್ಬಿ ಕೆಳಗ ಇಳಸು, ಶಂಕ್ರೆವ್ವ.”

ಜಮಖಂಡಿ ಬಸ್ಸಿಗೆ ಹೊರಟವಳನ್ನು ಮನೆ ಮಾಲೀಕ ವೀರಣ್ಣನವರು ನಡುಬೀದಿಯಲ್ಲಿ ಅಡ್ಡಗಟ್ಟಿದರು. ಶಂಕ್ರೆವ್ವ ಇಳಿಸಲಿಲ್ಲ. ಕಂಕುಳಲ್ಲಿದ್ದ ಎಣ್ಣೆ ಡಬ್ಬಿಯನ್ನು ಇನ್ನಷ್ಟು ಒತ್ತಿ ಹಿಡಿದಳು.

“ಬಸ್ಸಿಗೆ ಹೊತ್ತಾಗತೈತ್ರಿ.”

“ಅದರಾಗ ಏನೈತಿ?”

“ನಿಮ್ಮ ಮನಿ ಇಲಿ.”

ಅಳುಕಿಲ್ಲದೆ ಒಪ್ಪಿಕೊಂಡುಬಿಟ್ಟಳು. ವೀರಣ್ಣನವರ ಮುಖ ಕೆಂಪಾಯಿತು.

ರಬಕವಿಯ ಆ ಓಣಿಯಲ್ಲಿ ವೀರಣ್ಣನವರ ದಯೆ ಗೊತ್ತಿಲ್ಲದವರಿಲ್ಲ. ಗೊತ್ತಾಗದಿರಲು ಅವರು ಬಿಡುತ್ತಲೂ ಇರಲಿಲ್ಲ. ಪ್ರಾಣಿದಯಾ ಮಂಡಳಿಯ ಅಧ್ಯಕ್ಷರು. ಬಾಗಿಲ ಮೇಲೆ ‘ಇರುವೆಗೂ ಜೀವವಿದೆ’ ಎಂಬ ಫಲಕ. ಬಾಡಿಗೆಗೆ ಬರುವವರಿಗೆ ಒಂದೇ ಷರತ್ತು: ಒಂದು ಇಲಿಯನ್ನು ಕೊಂದರೂ ಅಂದೇ ಮನೆ ಖಾಲಿ. ಅವರ ಸ್ವಂತ ಮನೆಗೆ ಮಾತ್ರ ಇಲಿ ಬರುತ್ತಿರಲಿಲ್ಲ. ಪುಣ್ಯದ ಫಲ ಎನ್ನುತ್ತಿದ್ದರು. ಕಿಟಕಿಗಳಿಗೆ ಜಾಲರಿಯೂ ಇತ್ತೆನ್ನಿ.

ಶಂಕ್ರೆವ್ವನ ಬಾಡಿಗೆ ಮನೆಗೆ ಜಾಲರಿಯ ಮಾತು ಹಾಗಿರಲಿ, ಗೋಡೆಗೆ ಗಿಲಾವೂ ಇರಲಿಲ್ಲ. ನೆಲದಲ್ಲಿ ಕುಣಿ ತೋಡಿ ಹೂಡಿದ ಕೈಮಗ್ಗ ಅವಳದು. ಮಗ್ಗಕ್ಕೆ ಉದ್ದುದ್ದ ಹೂಡುವ ಹಾಸಿನ ನೂಲಿಗೆ ಗಂಜಿ ಹಚ್ಚದೆ ನೇಯಲಾಗದು. ಗಂಜಿಯ ವಾಸನೆಗೆ ಇಲಿ ಬಾರದೆ ಇರದು. ಕಷ್ಟಪಟ್ಟು ಹೂಡಿದ ಹಾಸು ಬೆಳಗಾಗುವುದರಲ್ಲಿ ತುಂಡುತುಂಡಾಗಿ ಬಿದ್ದಿರುತ್ತಿತ್ತು. ಗೋಡೆಯ ತೂತು ಮುಚ್ಚಿಸಿಕೊಡಿ ಎಂದಾಗಲೆಲ್ಲ ವೀರಣ್ಣನವರದು ಒಂದೇ ಉತ್ತರ: “ಅವಾದ್ರೂ ಎಲ್ಲಿ ಹೋಗಬೇಕವ್ವ, ಪಾಪ.”

ಮನೆ ಬಿಡೋಣವೆಂದರೆ ಮಗ್ಗವನ್ನೂ ಬಿಡಬೇಕು. ತನ್ನ ನೆಲದಲ್ಲಿ ಕುಣಿ ತೋಡಲು ಯಾವ ಹೊಸ ಮಾಲೀಕ ಒಪ್ಪಿಯಾನು? ಮಗ್ಗವಿಲ್ಲದಿದ್ದರೆ ಅವಳಿಗೆ ಅನ್ನವಿಲ್ಲ.

ಹಾಗಾಗಿ ಅವಳು ಕೇಳುವುದನ್ನೇ ಬಿಟ್ಟಳು. ಗಾಜಿನ ಚೂರು, ಸಿಮೆಂಟು ಕಲಸಿ ತೂತುಗಳಿಗೆ ತಾನೇ ತುಂಬಿದಳು. ಶೇಂಗಾ ಹುರಿದು ಎಣ್ಣೆ ಡಬ್ಬಿಯಲ್ಲಿ ಹಾಕಿ ಮೂಲೆಯಲ್ಲಿಟ್ಟಳು. ಅದಕ್ಕೆ ಏನು ಬೆರೆಸಿದಳೋ, ಕಿಟಕಿಯಿಂದ ಇಣುಕುತ್ತಿದ್ದ ಪಕ್ಕದ ಮನೆಯ ಬೋರವ್ವನಿಗೆ ಕಾಣಲಿಲ್ಲ. ಕಂಡದ್ದು ಇಷ್ಟು: ಇಲಿಗಳ ಗದ್ದಲ ದಿನೇ ದಿನೇ ಇಳಿಯಿತು. ಶಂಕ್ರೆವ್ವ ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸು ಹತ್ತುತ್ತಾಳೆ, ಬರಿ ಡಬ್ಬಿಯೊಂದಿಗೆ ಮರಳಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಾಳೆ. ಬೋರವ್ವ ಎಲ್ಲವನ್ನೂ ವೀರಣ್ಣನವರ ಕಿವಿಗೆ ಹಾಕಿದಳು.

“ಮುಚ್ಚಳಕ್ಕ ಮೊಳಿ ಹೊಡದು ತೂತ ಮಾಡ್ಯಾಳ್ರಿ. ನಾತ ಹೋಗಲಿ ಅಂತ ಇರಬೇಕು. ಆದ್ರ ನಾತಾನೂ ಬರೂದಿಲ್ಲ. ಬಾಳ ಜಾಣಿ ಅದಾಳ.”

ಈಗ ಆ ಜಾಣೆ ಬೀದಿಯಲ್ಲಿ ಸೆಟೆದು ನಿಂತಿದ್ದಳು. ಸುತ್ತಲಿನ ಮನೆಗಳ ವಿದ್ಯುತ್ ಮಗ್ಗಗಳ ಗದ್ದಲದಲ್ಲಿ ಮಾತು ಕೇಳಿಸದೆ ವೀರಣ್ಣನವರು ದನಿ ಏರಿಸಿದರು.

“ಒಳಗ ನಡಿ. ಮಂಡಳಿಯವರು ಕುಂತಾರ. ನಿನ್ನ ಪಾಪ ಅವರೂ ನೋಡ್ಲಿ.”

ಹಾಲುಗಲ್ಲಿನ ನೆಲದ ಪಡಸಾಲೆಯಲ್ಲಿ, ಸೋಫಾದ ಮೇಲೆ ಕುಳಿತು ಮಂಡಳಿಯ ಹಿರಿಯರು ಚಹಾ ಕುಡಿಯುತ್ತಿದ್ದರು. ಅವಳು ಓಡಿಹೋಗದಂತೆ ವೀರಣ್ಣನವರು ಬಾಗಿಲು ಹಾಕಿ ಅಗಳಿ ಸರಿಸಿದರು.

“ಇಲ್ಲಿ ತಗೀಬ್ಯಾಡ್ರಿ,” ಎಂದಳು ಶಂಕ್ರೆವ್ವ. “ಹೊಳಿ ದಂಡಿಗೆ ಬರ್ರಿ, ಅಲ್ಲೆ ತೋರಸ್ತೇನಿ.”

“ಯಾಕ, ಹೆದರಿಕಿ ಬಂತ?”

“ನನಗೇನೂ ಇಲ್ರಿ.”

“ಜೀವ ತಗದವರ ಧಿಮಾಕ ನೋಡ್ರಿ,” ಎಂದರು ಹಿರಿಯ ಶಿದ್ರಾಮಪ್ಪನವರು.

ಶಂಕ್ರೆವ್ವನಿಗೆ ಮೈಯೆಲ್ಲ ಉರಿಯಿತು. “ಹಾಸು ಹರದು ನಾ ಉಪಾಸ ಬಿದ್ದಾಗ ನೀವ್ಯಾರೂ ಬರಲಿಲ್ರಿ. ನಂದೂ ಒಂದು ಜೀವಾನ. ತೂತ ಮುಚ್ಚೂದು ಇವರ ಕೆಲಸ ಇತ್ತು. ಮಾಡಲಿಲ್ಲ. ನಾ ಮಾಡೇನಿ. ಯಾರ ಮುಂದೂ ತಲಿ ತಗ್ಗಸೂದಿಲ್ಲ.”

ಹಿರಿಯರು ಚಹಾದ ಬಟ್ಟಲು ನೋಡತೊಡಗಿದರು. ವೀರಣ್ಣನವರು ಎದೆಯುಬ್ಬಿಸಿದರು.

“ಎಲ್ಲಾರೂ ಸಾಕ್ಷಿ. ಇದರಾಗ ಒಂದ ಸತ್ತ ಇಲಿ ಇದ್ರೂ ಸಂಜಿಯೊಳಗ ಇಕಿ ಮನಿ ಬಿಡಬೇಕು.”

“ಇರಲಿಕ್ಕಂದ್ರ?”

“ಇರಲಿಕ್ಕಂದ್ರ ನೀ ಬದುಕಿರೂತನಕ ಆ ಮನ್ಯಾಗ ಇರು. ಯಾರೂ ಬಿಡಸೂದಿಲ್ಲ.”

“ಎಲ್ಲಾರೂ ಕೇಳಿದ್ರಿಲ್ಲೊ?”

ಹಿರಿಯರು ತಲೆಯಾಡಿಸಿದರು. ಶಂಕ್ರೆವ್ವ ಡಬ್ಬಿಯನ್ನು ನೆಲಕ್ಕಿಟ್ಟು ಗೋಡೆಗೆ ಒರಗಿ ನಿಂತಳು. ವೀರಣ್ಣನವರು ಮೂಗಿಗೆ ಕರವಸ್ತ್ರ ಹಿಡಿದು, ಕಟ್ಟಿದ್ದ ನೂಲು ಕತ್ತರಿಸಿ, ಮುಚ್ಚಳ ಎತ್ತಿದರು.

“ಹೊಡೀರಿ,” ಸೋಫಾದ ಮೇಲೆ ಹತ್ತಿ ನಿಂತ ಪ್ರಾಣಿದಯಾ ಮಂಡಳಿಯ ಅಧ್ಯಕ್ಷರು, ಅಡುಗೆಮನೆಯತ್ತ ಓಡುತ್ತಿದ್ದ ಇಲಿಗಳನ್ನು ತೋರಿಸುತ್ತ ಕಿರುಚಿದರು, “ಒಂದೂ ಜೀವಂತ ಉಳೀಬಾರದು.”