ಹಳದಿ ಮೂತಿಯ ಬಂದೂಕು

ಆಟದ ಬಂದೂಕುಗಳು ಕೊನೆಯ ಸಲ ಹೊಡೆದವರ ದನಿಯನ್ನು ಹಿಡಿದಿಟ್ಟುಕೊಂಡು, ಮುಂದಿನ ಹೊಡೆತದಲ್ಲಿ ಅದನ್ನು ಹೊರಬಿಡುತ್ತಿದ್ದ ಕಾಲವದು. ಹುಬ್ಬಳ್ಳಿಯಲ್ಲಿ ಹಳೆ ಆಟಿಕೆಗಳ ಅಂಗಡಿಯಿಟ್ಟಿದ್ದ ಮೌಲಾಸಾಬನ ಬಳಿಗೆ ಶಾಂತವ್ವ ಅಂಥದೊಂದು ಬಂದೂಕನ್ನು ತಂದಳು.

“ಹಳದಿ ಮೂತಿ! ಮೊದಲನೇ ವರ್ಷದ್ದು. ಆಮ್ಯಾಲೆ ಬಂದವೆಲ್ಲಾ ಕೆಂಪು,” ಎಂದು ಅವನು ಹಿಗ್ಗಿದ.

“ಮಾರೂದಕ್ಕಲ್ರೀ. ಮೂತಿ ಸೀಳೈತಿ, ಅಂಟಿಸಿ ಕೊಡ್ರಿ. ಮಗಳದು. ಅಕಿ ತೀರಿಕೊಂಡ ಮ್ಯಾಲೆ ಯಾರೂ ಹೊಡದಿಲ್ಲ.”

ಮೌಲಾಸಾಬ ಅಂಟಿಸಿದ. ರಿಪೇರಿಯಾದದ್ದನ್ನು ಒಮ್ಮೆ ಹೊಡೆದು ತೋರಿಸಿಯೇ ಕೊಡುವುದು ಅವನ ಕೈಗೆ ಹತ್ತಿದ ರೂಢಿ.

“ನೋಡ್ರಿ, ಹೆಂಗ ಹಾರತೈತಿ!” ಎನ್ನುತ್ತ ಟ್ರಿಗರ್ ಒತ್ತಿಬಿಟ್ಟ.

ಸ್ಪಂಜಿನ ಗುಂಡು ಗೋಡೆಗೆ ಬಡಿಯಿತು. “ಅವ್ವಾ, ನೀ ಸತ್ತಿ!” ಎಂದು ಪುಟ್ಟ ಹುಡುಗಿಯ ದನಿ ಕಿಲಕಿಲ ನಕ್ಕು ಮುಗಿಯಿತು.

ಶಾಂತವ್ವ ಬಂದೂಕನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು. ಮಗಳಿದ್ದ ಜಾಗದಲ್ಲಿ ಈಗ ಮೌಲಾಸಾಬನ “ಹೆಂಗ ಹಾರತೈತಿ” ಇತ್ತು.